ಸಂಕಟ ಕಳೆದ ಮೇಲೆ

(ಆಕಾಶವಾಣಿಯಲ್ಲಿ ಮಾಡಿದ ಭಾಷಣ)



ನಾನು ವಾಸವಾಗಿರುವ ಭದ್ರಾವತಿಯ ಕಾಗದನಗರದಲ್ಲಿ ಈಗ ರಾತ್ರಿಗಳು ಬಹಳ ನಿಶ್ಶಬ್ದ. ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದಂದಿನಿಂದ ಯಂತ್ರಗಳ ಮೊರೆತವಿಲ್ಲ, ಪಾಳಿ ಬದಲಾಯಿಸುವ ಸೈರನ್ನೂ ಇಲ್ಲ. ಆದಕಾರಣ ಮುಂಗಾರಿಗೆ ಮುನ್ನ ಬರುವ ಗುಡುಗು ಹಿಂದೆಂದಿಗಿಂತ ಹತ್ತಿರದಲ್ಲಿ ಕೇಳಿಸುತ್ತದೆ. ಅಂಥದೊಂದು ರಾತ್ರಿ ಮನೆಯ ಮೇಲೆಯೇ ಸಿಡಿಲೆರಗಿದಂತಾದಾಗ, ಅರುವತ್ತು ದಾಟಿದ ನನ್ನ ಬಾಯಿಂದ ಅರ್ಜುನನ ಹತ್ತು ಹೆಸರುಗಳು ತಾವಾಗಿಯೇ ಹೊರಟವು. ಬಾಲ್ಯದಲ್ಲಿ ಅಜ್ಜಿ ಕಲಿಸಿದ್ದು. ಮೂವತ್ತು ವರ್ಷಕ್ಕೂ ಮಿಗಿಲಾಗಿ ತರಗತಿಯಲ್ಲಿ ಪಂಪನ ಅರ್ಜುನನನ್ನು ಕುರಿತು ಪಾಠ ಹೇಳಿದ ನನಗೆ ಆ ಗಳಿಗೆಯಲ್ಲಿ ಒದಗಿದವನು ಪಂಪನ ಅರ್ಜುನನಲ್ಲ, ಅಜ್ಜಿಯ ಅರ್ಜುನ.

ಗುಡುಗು ಕೇಳಿದಾಗ ಹೇಳಬೇಕಾದ ಮಾತು ಯೆಹೂದ್ಯರಲ್ಲಿಯೂ ಉಂಟು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಅವರ ಮಿಷ್ನಾ ಎಂಬ ಧರ್ಮಶಾಸ್ತ್ರದಲ್ಲಿಯೇ ಅದಕ್ಕೆ ವಿಧಿಯಿದೆ. ಆದರೆ ಆ ಪ್ರಾರ್ಥನೆ ‘ನನ್ನನ್ನು ಕಾಪಾಡು’ ಎಂದು ಬೇಡುವುದಿಲ್ಲ. ಯಾರ ಬಲದಿಂದ ಈ ಜಗತ್ತು ತುಂಬಿದೆಯೋ ಅವನನ್ನು ಸ್ತುತಿಸಿ ಸುಮ್ಮನಾಗುತ್ತದೆ. ಭಯ ಹುಟ್ಟಿದ ಕ್ಷಣದಲ್ಲಿ ಬೇಡಿಕೆಯ ಬದಲು ಸ್ತುತಿ! ಇದನ್ನು ಮೊದಲು ಓದಿದಾಗ ನನಗೆ ಅಚ್ಚರಿಯಾಯಿತು. ಸಂಕಟ ಬಂದಾಗ ವೆಂಕಟರಮಣ ಎಂಬುದು ನಮ್ಮ ಗಾದೆ. ಸಂಕಟ ಕಳೆದ ಮೇಲೆ ವೆಂಕಟರಮಣನ ಗತಿಯೇನು ಎಂಬುದನ್ನು ಗಾದೆ ಹೇಳಿಲ್ಲ. ಹೇಳದಿದ್ದರೂ ನಮಗದು ಗೊತ್ತಿದೆ. ಯೆಹೂದ್ಯರ ಪ್ರಾರ್ಥನಾ ಸಂಪ್ರದಾಯ ಬಹಳವಾಗಿ ಯೋಚಿಸಿರುವುದು ಈ ಎರಡನೆಯ ಪ್ರಶ್ನೆಯನ್ನೇ. ಅದನ್ನು ವಿವರಿಸಲು ಜೆರುಸಲೇಮಿಗೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಬಿದನೂರಿನಿಂದಲೇ ಹೊರಡಬಹುದು.

ಹೊಸನಗರ ತಾಲ್ಲೂಕಿನ ಬಿದನೂರು ನಗರ ಕೆಳದಿಯ ಅರಸರ ರಾಜಧಾನಿಯಾಗಿತ್ತು. 1763ರಲ್ಲಿ ಅದು ಹೈದರಾಲಿಯ ವಶವಾಯಿತು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ ಬೆನ್ನಿಗೇ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಪಡೆ ಜನರಲ್ ಮ್ಯಾಥ್ಯೂಸನ ನೇತೃತ್ವದಲ್ಲಿ ಘಟ್ಟ ಹತ್ತಿ ಬಂದು, 1783ರ ಜನವರಿಯಲ್ಲಿ ಬಿದನೂರನ್ನು ಹಿಡಿಯಿತು. ಟೀಪು ಸುಲ್ತಾನ ದೊಡ್ಡ ಸೈನ್ಯದೊಡನೆ ಬಂದು ಮುತ್ತಿಗೆ ಹಾಕಿದ. ಆ ಬೇಸಗೆಯಲ್ಲಿ ಕೋಟೆಯೊಳಗಿನವರು ಶರಣಾದರು. ಸೆರೆಸಿಕ್ಕವರನ್ನು ಮೈಸೂರು ರಾಜ್ಯದ ಬೇರೆ ಬೇರೆ ದುರ್ಗಗಳಿಗೆ ನಡೆಸಿಕೊಂಡು ಹೋದರು. ಮ್ಯಾಥ್ಯೂಸ್ ಸೆರೆಯಲ್ಲಿಯೇ ಸತ್ತ.

ಮುಂಬಯಿ ಪಡೆಯಲ್ಲಿದ್ದವರೆಲ್ಲ ಬಿಳಿಯರಲ್ಲ. ಕೊಂಕಣದ ಸಿಪಾಯಿಗಳು ಅದರಲ್ಲಿ ಬಹಳ ಮಂದಿ. ಅವರ ನಡುವೆ ಬೆನೆ ಇಸ್ರಯೇಲರೆಂಬ ಸಣ್ಣ ಸಮುದಾಯದವರೂ ಇದ್ದರು. ಆ ಯುದ್ಧದಲ್ಲಿ ಟೀಪುವಿಗೆ ಸೆರೆಸಿಕ್ಕವರಲ್ಲಿ ಈ ಸಮುದಾಯದ ಒಬ್ಬ ದೇಶೀ ಅಧಿಕಾರಿಯಿದ್ದ. ಸಮುವೇಲ್ ಎಜೆಕಿಯೇಲ್ ದಿವೇಕರ್ ಎಂಬುದು ಅವನ ಹೆಸರು. ಮರಾಠಿ ನೆರೆಹೊರೆಯವರ ಬಾಯಲ್ಲಿ ಸಾಮಾಜಿ ಹಸಾಜಿ ದಿವೇಕರ್. ಒಂದೇ ಮನುಷ್ಯನಿಗೆ ಸಂದ ಈ ಎರಡು ಹೆಸರುಗಳಲ್ಲಿ ಆ ಸಮುದಾಯದ ಚರಿತ್ರೆಯೆಲ್ಲ ಅಡಗಿದೆ.

ಬೆನೆ ಇಸ್ರಯೇಲರ ಪರಂಪರೆಯ ಕಥೆ ಹೀಗಿದೆ. ಎಷ್ಟೋ ಶತಮಾನಗಳ ಹಿಂದೆ ಕೊಂಕಣದ ನವಗಾಂವ್ ಬಳಿ ಒಂದು ಹಡಗು ಒಡೆಯಿತು. ಏಳು ಗಂಡಸರು, ಏಳು ಹೆಂಗಸರು ಮಾತ್ರ ದಡ ಸೇರಿದರು. ಧರ್ಮಗ್ರಂಥಗಳೆಲ್ಲ ನೀರುಪಾಲಾದವು. ಅವರ ಸಂತತಿ ಹಳ್ಳಿಗಳಲ್ಲಿ ಗಾಣ ಹೂಡಿ ಎಣ್ಣೆ ತೆಗೆಯುತ್ತ ಬದುಕಿತು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ಶನಿವಾರ ತೇಲಿ, ಎಂದರೆ ಶನಿವಾರದ ಗಾಣಿಗರು ಎಂದರು. ಮಾತು ಮರಾಠಿಯಾಯಿತು, ಊರಿನ ಹೆಸರಿನಿಂದ ದಿವೇಕರ್, ಕೇಹಿಮ್‌ಕರ್, ನಾಗಾಂವ್‌ಕರ್ ಮುಂತಾದ ಅಡ್ಡಹೆಸರುಗಳು ಬಂದವು. ಹೀಬ್ರೂ ಭಾಷೆ ಮರೆತುಹೋಯಿತು. ಮರೆಯದೆ ಉಳಿದದ್ದು ಒಂದೇ ಪ್ರಾರ್ಥನೆ, ಶೆಮಾ. ಮುಂದೆ ದಾವೀದ್ ರಾಹಬಿ ಎಂಬಾತ ಬಂದು ಇವರು ಯೆಹೂದ್ಯರೇ ಎಂದು ಗುರುತಿಸಿದ್ದು, ಇವರ ಹೆಂಗಸರು ಈಜುರೆಕ್ಕೆ ಮತ್ತು ಪೊರೆಗಳಿರುವ ಮೀನನ್ನು ಮಾತ್ರ ಅಡುಗೆಗೆ ಆರಿಸಿಕೊಂಡದ್ದರಿಂದ ಮತ್ತು ಇವರ ನಾಲಗೆಯ ಮೇಲೆ ಶೆಮಾ ಉಳಿದಿದ್ದುದರಿಂದ ಎಂದು ಅವರು ಹೇಳಿಕೊಳ್ಳುತ್ತಾರೆ.

ಶೆಮಾ ಎಂದರೆ ‘ಕೇಳು’ ಎಂದರ್ಥ. ಕನ್ನಡ ಬೈಬಲಿನಲ್ಲಿ ಧರ್ಮೋಪದೇಶಕಾಂಡವೆಂದು ಕರೆಯುವ ಭಾಗದಲ್ಲಿ ಅದಿದೆ. ದೇವರು ಒಬ್ಬನೇ ಎಂಬುದು ಅದರ ತಿರುಳು. ಬೆಳಗ್ಗೆ ಮತ್ತು ಸಂಜೆ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ, ಮಲಗುವಾಗ ಮಕ್ಕಳಿಂದ ಹೇಳಿಸುತ್ತಾರೆ. ಪ್ರಾಣ ಹೋಗುವಾಗಿನ ಕೊನೆಯ ಮಾತೂ ಅದೇ ಆಗಬೇಕೆಂದು ಬಯಸುತ್ತಾರೆ. ಬೇರೇನೂ ತಿಳಿಯದ ಬೆನೆ ಇಸ್ರಯೇಲರು ಹುಟ್ಟಿಗೂ ಮದುವೆಗೂ ಸಾವಿಗೂ ಅದೊಂದನ್ನೇ ಹೇಳಿದರು. ನನಗಿದು ಬಹಳ ದೊಡ್ಡ ಸಂಗತಿಯೆನಿಸುತ್ತದೆ. ಗ್ರಂಥ ಹೋದರೂ ಭಾಷೆ ಹೋದರೂ, ಹೆದರಿದಾಗ ಬಾಯಿಗೆ ಬರುವ ನಾಲ್ಕು ಮಾತುಗಳ ಆಸರೆಯಲ್ಲಿ ಒಂದು ಜನಾಂಗ ತನ್ನನ್ನು ತಾನು ಉಳಿಸಿಕೊಂಡಿತು.

ಹೆದರಿದವನು ದೇವರನ್ನು ಕೂಗಬಾರದೆಂದು ಯೆಹೂದ್ಯರು ಹೇಳುವುದಿಲ್ಲ. ಕನ್ನಡಕ್ಕೆ ತಂದವರು ‘ಕೀರ್ತನೆಗಳು’ ಎಂದು ನಮ್ಮ ದಾಸರ ಮಾತಿನಿಂದಲೇ ಹೆಸರಿಸಿದ ಅವರ ಸ್ತೋತ್ರಸಂಗ್ರಹದಲ್ಲಿ ಆರ್ತರ ಕೂಗಿಗೆ ಕೊರತೆಯಿಲ್ಲ. ರೋಗಿಯ ಹಾಸಿಗೆಯ ಬಳಿ ಕುಳಿತು ಅದನ್ನು ಓದುವ ವಾಡಿಕೆ ಇಂದಿಗೂ ಇದೆ. ಆದರೆ ಆ ಕೂಗಿಗೆ ಅವರು ಒಂದು ಎಲ್ಲೆಯನ್ನು ಹಾಕಿದ್ದಾರೆ. ಮಿಷ್ನಾ ಒಂದು ಸಂದರ್ಭವನ್ನು ಹೇಳುತ್ತದೆ. ಒಬ್ಬಾತ ಪಯಣ ಮುಗಿಸಿ ಊರು ಸೇರುತ್ತಿದ್ದಾನೆ. ಊರೊಳಗಿನಿಂದ ಗೋಳಾಟ ಕೇಳಿಸುತ್ತದೆ. ಆತ, ‘ದೇವರೇ, ಅದು ನನ್ನ ಮನೆಯದಾಗದಿರಲಿ’ ಎಂದು ಬೇಡುತ್ತಾನೆ. ಮಿಷ್ನಾದ ತೀರ್ಪು: ಇದು ವ್ಯರ್ಥ ಪ್ರಾರ್ಥನೆ. ಆಗಬೇಕಾದದ್ದು ಈಗಾಗಲೇ ಆಗಿಹೋಗಿದೆ ಎಂಬುದು ಕಾರಣ. ಕಷ್ಟ ಪಕ್ಕದ ಮನೆಯದಾಗಲಿ ಎಂಬ ಹಾರೈಕೆಯೂ ಅದರಲ್ಲಿ ಅಡಗಿದೆಯಲ್ಲವೇ? ಆಸ್ಪತ್ರೆಯ ಹೊರಗೆ, ಬಸ್ಸು ಉರುಳಿತೆಂಬ ಸುದ್ದಿ ಕೇಳಿದಾಗ, ನಾವೆಲ್ಲರೂ ಇದೇ ಪ್ರಾರ್ಥನೆಯನ್ನು ಮಾಡಿದವರೇ.

ಈಗ ದಿವೇಕರನಿಗೆ ಮರಳೋಣ. ಸೆರೆಯಲ್ಲಿ ಸಾವನ್ನು ಎದುರು ನೋಡುತ್ತಿದ್ದ ಸಮುವೇಲ್ ಒಂದು ಹರಕೆ ಹೊತ್ತ: ಜೀವಸಹಿತ ಮನೆಗೆ ಮರಳಿದರೆ ಮುಂಬಯಿಯಲ್ಲಿ ನನ್ನ ಜನಕ್ಕೊಂದು ಪ್ರಾರ್ಥನಾಮಂದಿರ ಕಟ್ಟಿಸುತ್ತೇನೆ. ಅಲ್ಲಿಯವರೆಗೆ ಆ ನಗರದಲ್ಲಿ ಬೆನೆ ಇಸ್ರಯೇಲರಿಗೆ ಸಿನಗಾಗ್ ಇರಲಿಲ್ಲ. ಅವನ ಬಿಡುಗಡೆಯ ಬಗ್ಗೆ ಆ ಸಮುದಾಯ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ ಬಹಳ ಸೊಗಸಾಗಿದೆ. ಸೆರೆಯಾಳುಗಳ ಜಾತಿಮತ ವಿಚಾರಿಸಿದಾಗ ಸಮುವೇಲ್ ತಾವು ಬೆನೆ ಇಸ್ರಯೇಲರೆಂದ. ಟೀಪುವಿನ ತಾಯಿಯ ಕಿವಿಗೆ ಆ ಹೆಸರು ಬಿತ್ತು. ಕುರಾನಿನಲ್ಲಿ ‘ಬನೀ ಇಸ್ರಾಯೀಲ್’ ಎಂಬ ಹೆಸರನ್ನು ಮತ್ತೆ ಮತ್ತೆ ಕೇಳಿದ್ದ ಆಕೆ, ಆ ಜನ ಕಣ್ಣೆದುರಿಗೇ ಇದ್ದಾರೆಂದು ಬೆರಗಾಗಿ, ಇವರನ್ನು ಕೊಲ್ಲಬೇಡವೆಂದು ಮಗನನ್ನು ಕೇಳಿಕೊಂಡಳಂತೆ. ಕಥೆಯೆಂದೇ ಇದನ್ನು ಹೇಳುತ್ತಿದ್ದೇನೆ. ಟೀಪುವಿನ ಬಗ್ಗೆ ನಮ್ಮಲ್ಲಿ ವಾದಗಳಿಗೆ ಬರವಿಲ್ಲ. ಆ ವಾದಕ್ಕೆ ಇದನ್ನು ಸಾಕ್ಷಿಯಾಗಿ ತರುವುದು ನನ್ನ ಉದ್ದೇಶವಲ್ಲ. ಬಿಡುಗಡೆಯಾದವರು ಯಾರನ್ನು ನೆನೆಯಬೇಕೆಂದುಕೊಂಡರು ಎಂಬುದಷ್ಟೇ ನನಗೆ ಮುಖ್ಯ. ಶತ್ರುವಿನ ಮನೆಯ, ಅನ್ಯಮತದ ಒಬ್ಬ ತಾಯಿಯನ್ನು ಅವರು ನೆನಪಿನಲ್ಲಿಟ್ಟುಕೊಂಡರು.

ಸಮುವೇಲ್ ಎಂಬ ಹೆಸರೂ ಇಲ್ಲಿ ಸ್ಮರಣೀಯ. ಬೈಬಲಿನಲ್ಲಿ ಆ ಹೆಸರಿನ ಪ್ರವಾದಿ ಹರಕೆಯ ಕೂಸು. ಅವನ ತಾಯಿ ಹನ್ನ ಮಕ್ಕಳಿಲ್ಲದ ದುಃಖದಲ್ಲಿ ದೇವಾಲಯಕ್ಕೆ ಬಂದು, ತುಟಿ ಅಲುಗಾಡಿದರೂ ದನಿ ಹೊರಡದಂತೆ ಪ್ರಾರ್ಥಿಸಿದಳು. ಕುಡಿದು ಬಂದಿದ್ದಾಳೆಂದು ಅಲ್ಲಿನ ಯಾಜಕ ಗದರಿಸಿದ. ಪ್ರಾರ್ಥಿಸುವ ಬಗೆ ಹೇಗೆಂಬುದನ್ನು ಮುಂದಿನ ಯೆಹೂದ್ಯ ಪಂಡಿತರು ಕಲಿತದ್ದು ಆ ಯಾಜಕನಿಂದಲ್ಲ, ಹನ್ನಳಿಂದ. ಮಗು ಹುಟ್ಟಿ ಮೊಲೆ ಬಿಟ್ಟ ಮೇಲೆ ಆಕೆ ಅದೇ ಸ್ಥಳಕ್ಕೆ ಮರಳಿ ಬಂದು, ಕೊಟ್ಟ ಮಾತಿನಂತೆ ಮಗನನ್ನು ಒಪ್ಪಿಸಿ, ಈ ಸಲ ಎಲ್ಲರಿಗೂ ಕೇಳುವಂತೆ ಹಾಡಿದಳು. ಬೇಡಿಕೆ ಮೌನದಲ್ಲಿ, ಕೃತಜ್ಞತೆ ಗಟ್ಟಿ ದನಿಯಲ್ಲಿ.

ಇದನ್ನೇ ಯೆಹೂದ್ಯರು ನಿಯಮವಾಗಿಸಿದರು. ಅವರ 107ನೆಯ ಕೀರ್ತನೆಯಲ್ಲಿ ನಾಲ್ಕು ಬಗೆಯ ಜನರ ಚಿತ್ರವಿದೆ: ಮರುಭೂಮಿಯಲ್ಲಿ ದಾರಿ ತಪ್ಪಿದವರು, ಸೆರೆಯಾಳುಗಳು, ರೋಗಿಗಳು, ಸಮುದ್ರದ ಬಿರುಗಾಳಿಗೆ ಸಿಕ್ಕವರು. ನಾಲ್ವರೂ ಸಂಕಟದಲ್ಲಿ ಕೂಗುತ್ತಾರೆ, ನಾಲ್ವರೂ ಪಾರಾಗುತ್ತಾರೆ. ನಾಲ್ವರಿಗೂ ಅಷ್ಟಕ್ಕೆ ಬಿಡುಗಡೆಯಿಲ್ಲ, ಕೃತಜ್ಞತೆ ಸಲ್ಲಿಸಬೇಕು. ಇದರ ಆಧಾರದ ಮೇಲೆ ತಾಲ್ಮುದಿನ ಪಂಡಿತರು ಈ ನಾಲ್ವರಿಗೆ ‘ಬಿರ್ಕತ್ ಹಗೋಮೆಲ್’ ಎಂಬ ಪ್ರಾರ್ಥನೆಯನ್ನು ವಿಧಿಸಿದರು. ಅದನ್ನು ಮನೆಯ ಮೂಲೆಯಲ್ಲಿ ಒಬ್ಬನೇ ಹೇಳುವಂತಿಲ್ಲ. ಹತ್ತು ಜನರ ಕೂಟ ಬೇಕು; ಅದಕ್ಕೆ ಮಿನ್ಯಾನ್ ಎಂದು ಹೆಸರು. ಸಾಮಾನ್ಯವಾಗಿ ತೋರಾ ಪಠನದ ಹೊತ್ತಿನಲ್ಲಿ ಪಾರಾಗಿ ಬಂದವನು ಎದ್ದು ನಿಂತು ಹೇಳುತ್ತಾನೆ. ನೆರೆದವರು, ಇನ್ನು ಮುಂದೆಯೂ ನಿನಗೆ ಒಳಿತಾಗಲಿ ಎಂದು ಹರಸಿ ಉತ್ತರಿಸುತ್ತಾರೆ. ನನಗೆ ಸಂದ ಒಳಿತು ನನ್ನ ಯೋಗ್ಯತೆಗೆ ಸಂದದ್ದಲ್ಲ ಎಂಬ ಒಪ್ಪಿಗೆಯೇ ಆ ಪ್ರಾರ್ಥನೆಯ ಸಾರ. ಸೆರೆಯಿಂದ ಬಿಡುಗಡೆಯಾದ ದಿವೇಕರ್ ಈ ನಾಲ್ವರಲ್ಲಿ ಒಬ್ಬನೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಅವನು ಹರಕೆಯನ್ನು ಮರೆಯಲಿಲ್ಲ. 1796ರಲ್ಲಿ, ಬಿದನೂರಿನ ಯುದ್ಧ ಕಳೆದು ಹದಿಮೂರು ವರ್ಷಗಳಾದ ಮೇಲೆ, ಮುಂಬಯಿಯ ಮಾಂಡವಿಯಲ್ಲಿ ಸಿನಗಾಗ್ ಎದ್ದಿತು. ಹತ್ತು ಜನ ಸೇರಲು ಅವನ ಸಮುದಾಯಕ್ಕೊಂದು ಸೂರು ದೊರೆಯಿತು. ಮುಂದಿನ ವರ್ಷ ಅವನು ಕೊಚ್ಚಿಯಲ್ಲಿ ತೀರಿಕೊಂಡ. ತಾನು ಕಟ್ಟಿಸಿದ ಮಂದಿರಕ್ಕಾಗಿ ತೋರಾ ಸುರುಳಿಗಳನ್ನು ತರಲು ಅಲ್ಲಿಗೆ ಹೋಗಿದ್ದನೆಂದು ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಂದಿರ ಹತ್ತಿರದ ಜಾಗಕ್ಕೆ ಬದಲಾಯಿತು. ಶಾರ್ ಹರಹಮೀಮ್, ಎಂದರೆ ಕರುಣೆಯ ಬಾಗಿಲು, ಎಂಬುದು ಅದರ ಹೆಸರು. ಸುತ್ತಲ ಜನಕ್ಕೆ ಅದು ‘ಜೂನಿ ಮಸ್ಜಿದ್’, ಹಳೆಯ ಮಸೀದಿ. ಅಲ್ಲಿನ ಸ್ಯಾಮ್ಯುಯೆಲ್ ಬೀದಿ ಅವನ ಹೆಸರನ್ನು ಹೊತ್ತಿದೆ. 1948ರ ನಂತರ ಬೆನೆ ಇಸ್ರಯೇಲರಲ್ಲಿ ಹೆಚ್ಚಿನವರು ಇಸ್ರೇಲಿಗೆ ವಲಸೆ ಹೋದರು. ಉಳಿದವರು ಬಹುತೇಕ ಮುಂಬಯಿ, ಠಾಣೆಗಳ ಆಸುಪಾಸಿನಲ್ಲಿದ್ದಾರೆ.

ಅವರ ಮನೆಗಳಲ್ಲಿ ಕೃತಜ್ಞತೆಗೆ ಇನ್ನೊಂದು ರೂಪವುಂಟು. ಅದು ನಮ್ಮ ಮಲೆನಾಡಿನ ಹೆಂಗಸರಿಗೆ ತಟ್ಟನೆ ಅರ್ಥವಾಗುವಂಥದು. ಕಾಯಿಲೆ ವಾಸಿಯಾದಾಗ, ಹೊಸ ಮನೆ ಹೊಕ್ಕಾಗ, ಹೊತ್ತ ಹರಕೆ ಕೈಗೂಡಿದಾಗ ಅವರು ಮಲಿದಾ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಿಹಿ ಬೆರೆಸಿ ತಟ್ಟೆಯಲ್ಲಿ ಗುಪ್ಪೆಯಾಗಿ ಹಾಕಿ, ಸುತ್ತ ಹಣ್ಣುಗಳನ್ನಿಟ್ಟು, ಶೆಮಾ ಹೇಳಿ, ಪ್ರವಾದಿ ಎಲೀಯನನ್ನು ಹಾಡಿನಲ್ಲಿ ಸ್ಮರಿಸಿ, ನೆರೆದವರಿಗೆಲ್ಲ ಹಂಚುತ್ತಾರೆ. ಹೀಬ್ರೂ ಪ್ರಾರ್ಥನೆ, ಕೊಂಕಣದ ಅವಲಕ್ಕಿ! ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪಿಟ್ಟ ನಮ್ಮ ಅಜ್ಜಿಯರು ಆ ತಟ್ಟೆಯ ಮುಂದೆ ಕುಳಿತಿದ್ದರೆ ಪರಕೀಯರೆನಿಸುತ್ತಿರಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸಮುದಾಯದ ಒಬ್ಬರ ಪರಿಚಯ ಮೊದಲೇ ಇದೆ. ಇಂಗ್ಲಿಷಿನಲ್ಲಿ ಬರೆದ ನಿಸ್ಸಿಮ್ ಎಜೆಕಿಯೆಲ್ (1924–2004) ಬೆನೆ ಇಸ್ರಯೇಲರು. ಚೇಳು ಕಡಿದ ತಾಯಿಯನ್ನು ಕುರಿತ ಅವರ ಕವಿತೆ, ‘ನೈಟ್ ಆಫ್ ದ ಸ್ಕಾರ್ಪಿಯನ್’, ಕಾಲೇಜುಗಳಲ್ಲಿ ಪಾಠವಾಗಿ ಎಲ್ಲರಿಗೂ ತಿಳಿದದ್ದೇ. ಮಳೆಯ ರಾತ್ರಿ, ಹಳ್ಳಿಯವರು ದೀಪ ಹಿಡಿದು ಬಂದು ತಮಗೆ ತಿಳಿದ ಪರಿಹಾರವನ್ನೆಲ್ಲ ಹೇಳುತ್ತಾರೆ, ತಂದೆ ವಿಚಾರವಾದಿಯಾದರೂ ಎಲ್ಲವನ್ನೂ ಮಾಡಿ ನೋಡುತ್ತಾನೆ. ವಿಷ ಇಳಿದ ಮೇಲೆ ತಾಯಿ ಆಡುವುದು ಒಂದೇ ಮಾತು: ಚೇಳು ಮಕ್ಕಳನ್ನು ಬಿಟ್ಟು ತನ್ನನ್ನು ಕಡಿದದ್ದಕ್ಕೆ ದೇವರಿಗೆ ಕೃತಜ್ಞತೆ. ‘ನನ್ನ ಮನೆಯದಾಗದಿರಲಿ’ ಎಂದು ಬೇಡಿದ ಮಿಷ್ನಾದ ಪ್ರಯಾಣಿಕನ ಪಕ್ಕದಲ್ಲಿ ಈ ತಾಯಿಯನ್ನು ನಿಲ್ಲಿಸಿ ನೋಡಿ. ಕವಿ ಅದನ್ನು ನೆನೆದು ಬರೆದರೆಂದು ನಾನು ಹೇಳಲಾರೆ. ಆದರೆ ಭಯದ ಪ್ರಾರ್ಥನೆ ತನ್ನ ಸ್ವಾರ್ಥವನ್ನು ಕಳಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ನನಗೆ ತಿಳಿಯದು.

ಮಾತು ಮುಗಿಸುವ ಮುನ್ನ ನನ್ನದೊಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಎದೆನೋವು ಬಂದು ನಾನು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ರಾತ್ರಿಗಳಲ್ಲಿ ನನಗೆ ತಿಳಿದ ದೇವರುಗಳನ್ನೆಲ್ಲ ಕರೆದೆ. ಗುಣವಾಗಿ ಮನೆಗೆ ಬಂದ ಮೇಲೆ ಔಷಧಿಯ ಚೀಟಿ, ಬಿಲ್ಲುಗಳ ಲೆಕ್ಕ, ಊಟದ ಪಥ್ಯ ಇವುಗಳಲ್ಲಿ ಆ ರಾತ್ರಿಗಳು ಮರೆತುಹೋದವು. ನನ್ನ ಪಕ್ಕದಲ್ಲಿ ಸರದಿಯಂತೆ ಎಚ್ಚರವಿದ್ದ ನೆರೆಮನೆಯವರಿಗೆ, ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತನ್ನೂ ಹೇಳಲಿಲ್ಲ. ಅವರಿಗೆ ತಿಳಿದೇ ಇರುತ್ತದೆ ಎಂಬ ಸಮಾಧಾನ. ಬಿರ್ಕತ್ ಹಗೋಮೆಲಿನ ವಿಚಾರ ಓದಿದ ದಿನ ಆ ಸಮಾಧಾನ ಸುಳ್ಳೆಂದು ತೋರಿತು. ಅವರನ್ನೆಲ್ಲ ಒಂದು ಸಂಜೆ ಮನೆಗೆ ಕರೆದೆ. ಅವಲಕ್ಕಿ ಇತ್ತು, ಬಾಳೆಹಣ್ಣಿತ್ತು. ಎಣಿಸಿ ಕರೆಯದಿದ್ದರೂ ಹತ್ತಕ್ಕೆ ಕಡಿಮೆ ಇರಲಿಲ್ಲ. ಎದ್ದು ನಿಂತು, ನೀವಿದ್ದುದರಿಂದ ನಾನು ಉಳಿದೆ ಎಂದೆ. ಮೂವತ್ತು ವರ್ಷ ತರಗತಿಗಳಲ್ಲಿ ಮಾತನಾಡಿದವನ ದನಿ ಅಷ್ಟು ಚಿಕ್ಕ ವಾಕ್ಯಕ್ಕೇ ನಡುಗಿತು.

ಭಯಕ್ಕೆ ಪ್ರಾರ್ಥನೆ ಕಲಿಸಬೇಕಾಗಿಲ್ಲ. ಅದು ಸಿಡಿಲಿನೊಡನೆಯೇ ಬರುತ್ತದೆ. ಕೃತಜ್ಞತೆಗೆ ಕಲಿಸಬೇಕು, ವಿಧಿಸಬೇಕು, ಹತ್ತು ಜನರನ್ನು ಸೇರಿಸಬೇಕು. ಕನ್ನಡ ನೆಲದ ಸೆರೆಯಲ್ಲಿ ಹೊತ್ತ ಹರಕೆಯೊಂದು ಮುಂಬಯಿಯ ಬೀದಿಯಲ್ಲಿ ಇನ್ನೂ ನಿಂತಿರುವುದು ಆ ಕಲಿಕೆಯ ಗುರುತಾಗಿ.