ಆರ್‌ಸಿಸಿ ಮನೆಯ ಸೆಕೆ ತಗ್ಗಿಸುವ ಉಪಾಯಗಳು

ಹಾನಗಲ್ಲ, ಶಿಗ್ಗಾಂವಿ, ಸವಣೂರ ಮತ್ತು ಹಿರೇಕೆರೂರ ತಾಲೂಕುಗಳ ಹಳ್ಳಿಗಳಲ್ಲಿ ಹಂಚಿನ ಹಾಗೂ ಮಣ್ಣಿನ ಮಾಳಿಗೆಯ ಮನೆಗಳ ಜಾಗದಲ್ಲಿ ಆರ್‌ಸಿಸಿ ಮನೆಗಳು ಏಳುತ್ತಿವೆ. ಇವು ಗಟ್ಟಿಮುಟ್ಟಾದರೂ ಬೇಸಿಗೆಯಲ್ಲಿ ಒಳಗೆ ಸೆಕೆ ಹೆಚ್ಚು. ಇದು ಕೂಸುಗಳಿಗೂ ವೃದ್ಧರಿಗೂ ಅಪಾಯಕರ. ಕೂಡಿಟ್ಟ ಬೀಜದ ಮೊಳಕೆಯ ಶಕ್ತಿಯೂ ಕುಂದುತ್ತದೆ. ಬಲಿತ ರೇಷ್ಮೆಹುಳುಗಳಿಗೆ 24ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಕಾದ ಕೋಣೆಯಲ್ಲಿ ಅವು ಸೊರಗುತ್ತವೆ.

ಕಾರಣವೇನು?

ಕಾಂಕ್ರೀಟು ಹುಲ್ಲು ಬೆರೆಸಿದ ಮಣ್ಣಿಗಿಂತ ಸುಮಾರು 3 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಹಗಲಿನಲ್ಲಿ ಹೀರಿದ ಶಾಖವನ್ನು ಸಂಜೆಯ ನಂತರವೂ ಕೋಣೆಯೊಳಗೆ ಬಿಡುತ್ತಿರುತ್ತದೆ. ಆದ್ದರಿಂದ ಬಿಸಿಲನ್ನು ಸ್ಲ್ಯಾಬಿನ ಮೇಲೆಯೇ ತಡೆಯುವುದು ಮುಖ್ಯ.

ಉಪಾಯಗಳು

1. ಸುಣ್ಣ ಬಳಿಯುವುದು: ಇದು ಎಲ್ಲಕ್ಕಿಂತ ಅಗ್ಗ. ಫೆಬ್ರವರಿಯಲ್ಲಿ ಮಾಳಿಗೆಯನ್ನು ತೊಳೆದು, ಸೋಸಿದ ಸುಣ್ಣದ ತಿಳಿಗೆ ಅಂಟು ಬೆರೆಸಿ 2 ಸಲ ಬಳಿಯಬೇಕು. ಬಿಳಿ ಮೈ ಬಿಸಿಲಿನ ಬಹುಭಾಗವನ್ನು ಹಿಂದಕ್ಕೆ ಅಟ್ಟುತ್ತದೆ. ಮಳೆಗೆ ತೊಳೆದು ಹೋಗುವುದರಿಂದ ಪ್ರತಿ ವರ್ಷ ಬಳಿಯಬೇಕು. ಕಾಳು ಒಣಗಿಸುವಾಗ ತಾಡಪತ್ರಿ ಹಾಸಬೇಕು.

2. ಮಣ್ಣಿನ ಹೊದಿಕೆ: ಸ್ಲ್ಯಾಬಿಗೆ ಮೊದಲು ನೀರು ಇಳಿಯದಂತೆ ಲೇಪ ಕೊಟ್ಟು, ಹುಲ್ಲು ಕಲಸಿದ ಮಣ್ಣನ್ನು 4 ಅಂಗುಲ ಹಾಕಿ ಬಡಿದು, ಮೇಲೆ ಇಟ್ಟಿಗೆ ಬಿಲ್ಲೆ ಹಾಸಬೇಕು. ನೀರು ಹರಿಯಲು 10 ಅಡಿಗೆ 3 ಅಂಗುಲ ಇಳಿಜಾರು ಇರಲಿ. ಮಳೆ ಕಡಿಮೆ ಇರುವ ಸವಣೂರ ಕಡೆಗೆ ಇದು ಹೊಂದುತ್ತದೆ. ಮಲೆನಾಡಿನ ಅಂಚಿನ ಹಾನಗಲ್ಲದಲ್ಲಿ ಸುಣ್ಣವೇ ಲೇಸು.

ಎಚ್ಚರಿಕೆ: 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ ಈ ಮಣ್ಣೊಂದೇ ಸುಮಾರು ಒಂದೂವರೆ ಟನ್ ತೂಗುತ್ತದೆ. ಎಂಜಿನಿಯರರನ್ನು ಕೇಳದೆ ಹಳೆಯ ಸ್ಲ್ಯಾಬಿನ ಮೇಲೆ ಹೇರಬಾರದು.

3. ಹೊಸ ಮನೆಗೆ ಹಂಚಿನ ಸ್ಲ್ಯಾಬು: ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರ ಹೊರಲು ಹೆಚ್ಚು ನೆರವಾಗುವುದಿಲ್ಲ, ಅಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ. ಆದ್ದರಿಂದ ಸರಳುಗಳ ನಡುವೆ ಹಳೆಯ ಮಂಗಳೂರು ಹಂಚುಗಳನ್ನು ಜೋಡಿಯಾಗಿ ಇಡಬಹುದು. ಹಂಚುಗಳ ನಡುವಿನ ಗಾಳಿ ಶಾಖವನ್ನು ತಡೆಯುತ್ತದೆ, ಸಿಮೆಂಟೂ ಉಳಿಯುತ್ತದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಈ ವಿಧಾನವನ್ನು ಬಳಕೆಗೆ ತಂದರು. ಸರಳಿನ ಲೆಕ್ಕವನ್ನು ಎಂಜಿನಿಯರರಿಂದಲೇ ಮಾಡಿಸಬೇಕು.

4. ಗಾಳಿಯ ಸಂಚಾರ: ಸುಡುಬಿಸಿಲಿನಲ್ಲಿ ಕಿಟಕಿ ಮುಚ್ಚಿ, ರಾತ್ರಿ ಎದುರುಬದುರಿನ ಕಿಟಕಿಗಳನ್ನು ತೆರೆಯಬೇಕು. ಫ್ಯಾನು ಗಾಳಿಯನ್ನು ಆಡಿಸುತ್ತದೆಯೇ ಹೊರತು ಸ್ಲ್ಯಾಬನ್ನು ತಣಿಸುವುದಿಲ್ಲ.

ಮನೆ ಕಟ್ಟಿಯಾಗಿರುವವರು ಈ ಬೇಸಿಗೆಗೆ ಮುನ್ನ ಸುಣ್ಣದಿಂದಲೇ ಆರಂಭಿಸಬಹುದು. ಕಟ್ಟಲಿರುವವರು ತಳಪಾಯಕ್ಕೆ ಮೊದಲೇ ಮಾಳಿಗೆಯ ವಿಚಾರ ಮಾಡುವುದು ಒಳ್ಳೆಯದು.