ವಿದ್ಯುತ್ತಿಲ್ಲದ ಎಡೆಯ ಶಿಬಿರಗಳಿಗೆ ಮೀಸಲು ವಿದ್ಯುತ್ತಿನ ಆಯ್ಕೆ

ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ ಮೊದಲಾದ ವಿಷಯಗಳಲ್ಲಿ ಸಂಶೋಧನೆ ನಡೆಸುವವರು ವಿದ್ಯುತ್ ತಂತಿ ಮುಟ್ಟದ ಎಡೆಗಳಲ್ಲಿ ಡೇರೆ ಹಾಕಿಯೋ, ವಾಸಕ್ಕೆಂದು ಸಜ್ಜುಗೊಳಿಸಿದ ವಾಹನದಲ್ಲಿಯೋ ಕೆಲವು ದಿನ ತಂಗಬೇಕಾಗುತ್ತದೆ. ವಿಹಾರಕ್ಕೆ ಹೋಗುವವರ ಅವಸ್ಥೆಯೂ ಇದಕ್ಕಿಂತ ಬೇರೆಯಲ್ಲ. ಹಿಂದೆ ಲಾಟೀನೊಂದಿದ್ದರೆ ಸಾಕಾಗುತ್ತಿತ್ತು. ಇಂದು ದೀಪ, ಮೊಬೈಲು, ಲ್ಯಾಪ್‌ಟಾಪು, ಕ್ಯಾಮೆರಾ, ಒಮ್ಮೊಮ್ಮೆ ಔಷಧವನ್ನು ತಣ್ಣಗಿಡುವ ಪೆಟ್ಟಿಗೆ, ಇವೆಲ್ಲಕ್ಕೂ ವಿದ್ಯುತ್ತೇ ಆಧಾರ. ಆ ಆಧಾರ ತಪ್ಪಿದರೆ ದಿನದ ದಾಖಲೆ ನಿಲ್ಲುವುದು ಮಾತ್ರವಲ್ಲ, ಅಪಾಯದ ಹೊತ್ತಿನಲ್ಲಿ ನೆರವನ್ನು ಕರೆಯುವ ದಾರಿಯೂ ಮುಚ್ಚಿಹೋಗುತ್ತದೆ. ಆದುದರಿಂದ ಮೀಸಲು ವಿದ್ಯುತ್ತನ್ನು ಆಯ್ದುಕೊಳ್ಳುವ ಕ್ರಮವನ್ನು ಇಲ್ಲಿ ವಿಚಾರಿಸುತ್ತೇವೆ. ನಿದರ್ಶನಕ್ಕಾಗಿ ಮಲೆನಾಡಿನಲ್ಲಿ ಐವರು ಮೂರು ದಿನ ನಡೆಸುವ ಶಿಬಿರವೊಂದನ್ನು ತೆಗೆದುಕೊಳ್ಳೋಣ.

ಮೊದಲ ಕೆಲಸ ಯಂತ್ರವನ್ನು ಕೊಳ್ಳುವುದಲ್ಲ, ಲೆಕ್ಕ ಹಾಕುವುದು. ಉಪಕರಣದ ವಾಟ್ ಪ್ರಮಾಣವನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಿದರೆ ಬೇಕಾದ ಶಕ್ತಿಯು ವಾಟ್-ಗಂಟೆಗಳಲ್ಲಿ ದೊರೆಯುತ್ತದೆ. 5 ವಾಟಿನ 3 ಎಲ್‌ಇಡಿ ದೀಪಗಳು 5 ಗಂಟೆ ಉರಿಯಲು 75. 5 ಮೊಬೈಲುಗಳಿಗೆ ತಲಾ 20ರಂತೆ 100. 2 ಲ್ಯಾಪ್‌ಟಾಪುಗಳಿಗೆ ತಲಾ 70ರಂತೆ 140. ಕ್ಯಾಮೆರಾ ಮೊದಲಾದುವಕ್ಕೆ 35. ಹೀಗೆ ದಿನಕ್ಕೆ 350, ಮೂರು ದಿನಕ್ಕೆ 1050 ವಾಟ್-ಗಂಟೆ ಬೇಕಾಗುತ್ತದೆ. ಇದಕ್ಕೆ 45 ವಾಟಿನ ಚಿಕ್ಕ ಫ್ರಿಜ್ಜೊಂದನ್ನು ಸೇರಿಸಿದರೆ, ಅದರ ಯಂತ್ರ ದಿನದ ಮೂರನೆಯ ಒಂದು ಪಾಲು ಮಾತ್ರ ಓಡಿದರೂ, ಇನ್ನೂ 360 ವಾಟ್-ಗಂಟೆ ಏರುತ್ತದೆ; ಎಂದರೆ ಅದೊಂದೇ ಉಳಿದೆಲ್ಲಕ್ಕೂ ಸಮ. ಕಾಯಿಸುವ ಕೆಲಸವಾದರೋ ಇನ್ನೂ ದುಬಾರಿ. ಒಂದು ಲೀಟರು ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 87 ವಾಟ್-ಗಂಟೆ ಬೇಕು. ಅಷ್ಟರಲ್ಲಿ ನಾಲ್ಕು ಮೊಬೈಲುಗಳನ್ನು ತುಂಬಬಹುದು. ಆದುದರಿಂದ ಅಡಿಗೆಯನ್ನೂ ಬಿಸಿನೀರನ್ನೂ ಗ್ಯಾಸ್ ಒಲೆಗೆ ಬಿಡುವುದೇ ಲೇಸು.

ಇನ್ನು ಸಂಗ್ರಹದ ಮಾತು. ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯು ಇಂದಿಗೂ ಅಗ್ಗವಾಗಿ ದೊರೆಯುತ್ತದೆ. 12 ವೋಲ್ಟಿನ 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1200 ವಾಟ್-ಗಂಟೆ ಅಡಗಿದ್ದರೂ, ಅರ್ಧಕ್ಕಿಂತ ಹೆಚ್ಚನ್ನು ಪದೇಪದೇ ಬಸಿದರೆ ಅದರ ಆಯುಸ್ಸು ಬೇಗ ಕುಗ್ಗುತ್ತದೆ. ಬಳಕೆಗೆ ಸಿಗುವುದು 600 ಮಾತ್ರವಾದ್ದರಿಂದ ನಮ್ಮ ಶಿಬಿರಕ್ಕೆ ಅಂಥವು ಎರಡು ಬೇಕು. ತೂಕ 50-60 ಕಿಲೋಗ್ರಾಮು. ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಇವರು 1997ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಬೆಳೆದು ಬಂದ ಲಿಥಿಯಮ್-ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯಲ್ಲಾದರೆ, ಅಷ್ಟೇ ಆಂಪಿಯರ್-ಗಂಟೆಗೆ 1280ರಲ್ಲಿ ಸುಮಾರು 1150 ವಾಟ್-ಗಂಟೆಯನ್ನು ನಿಶ್ಚಿಂತೆಯಿಂದ ಬಳಸಬಹುದು. ಒಂದೇ ಸಾಕು, ತೂಕ ಹದಿನೈದು ಕಿಲೋಗ್ರಾಮಿನೊಳಗೆ. ಬೆಲೆ ಹೆಚ್ಚಾದರೂ ಬಾಳಿಕೆ ಅದಕ್ಕೆ ತಕ್ಕಂತಿದೆ. ಅದನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ತುಂಬಬಾರದೆಂಬ ನಿಯಮವು ಹಿಮಾಲಯಕ್ಕೆ ಹೋಗುವವರಿಗೆ ಮುಖ್ಯ, ಮಲೆನಾಡಿನವರಿಗಲ್ಲ. ಆದರೂ 1050ಕ್ಕೆ 1150 ಬಹಳ ಬಿಗಿಯಾದ ಅಳತೆ. ತಂತಿಗಳಲ್ಲಿಯೂ ಇನ್ವರ್ಟರಿನಲ್ಲಿಯೂ ಸೋರುವ ಪಾಲನ್ನು ಎಣಿಸಿದರೆ ಉಳಿಯುವುದು ಏನೂ ಇಲ್ಲ. ಆದುದರಿಂದ ತುಂಬುವ ಮೂಲವೊಂದು ಇರಲೇಬೇಕು.

ಆ ಮೂಲಗಳಲ್ಲಿ ಮೊದಲನೆಯದು ಸೌರಫಲಕ. 100 ವಾಟಿನ ಫಲಕವು ಫೆಬ್ರವರಿಯ ತಿಳಿಯಾದ ದಿನದಲ್ಲಿ, ಪೂರ್ಣ ಬಿಸಿಲಿಗೆ ಸಮನಾದ 5 ಗಂಟೆ ಬೆಳಕನ್ನು ಪಡೆದು, ನೂರಕ್ಕೆ ಮೂವತ್ತರಷ್ಟು ನಷ್ಟವನ್ನು ಕಳೆದರೂ 350 ವಾಟ್-ಗಂಟೆ ಕೊಡುತ್ತದೆ. ನಮ್ಮ ದಿನದ ಅಗತ್ಯವೂ ಅಷ್ಟೆ. ಆದರೆ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ, ಜುಲೈ ತಿಂಗಳ ದಟ್ಟ ಮೋಡದಡಿ, ಅದೇ ಫಲಕದಿಂದ ಇದರ ಅಲ್ಪಾಂಶವನ್ನು ಮಾತ್ರ ನಿರೀಕ್ಷಿಸಬಹುದು. ಮರಗಳ ನೆರಳೂ ಸಾಮಾನ್ಯವಾದ ಅಡ್ಡಿಯಲ್ಲ. ಫಲಕದ ಕೋಶಗಳು ಒಂದರ ಹಿಂದೊಂದು ಸಾಲಾಗಿ ಜೋಡಿಸಲ್ಪಟ್ಟಿರುವುದರಿಂದ, ಕಾಲುವೆಯ ಒಂದು ಕಡೆ ಮಣ್ಣು ಕುಸಿದರೆ ನೀರೆಲ್ಲ ತಡೆಯುವಂತೆ, ಕೆಲವೇ ಕೋಶಗಳ ಮೇಲೆ ಬಿದ್ದ ನೆರಳು ಇಡೀ ಸಾಲಿನ ಪ್ರವಾಹವನ್ನು ತಗ್ಗಿಸುತ್ತದೆ.

ಇಲ್ಲಿಯೇ ಮೀಸಲಿನ ತತ್ತ್ವ ಸ್ಪಷ್ಟವಾಗುತ್ತದೆ. ಒಂದು ಫಲಕ ಸಾಲದೆಂದು ಮತ್ತೊಂದು ಫಲಕವನ್ನು ಹೊತ್ತೊಯ್ದರೆ ಮೀಸಲು ಆಗಲಿಲ್ಲ. ಮೋಡವು ಎರಡನ್ನೂ ಒಟ್ಟಿಗೆ ಕೆಡಿಸುತ್ತದೆ. ಮುಖ್ಯ ಮೂಲವು ಯಾವ ಕಾರಣದಿಂದ ಸೋಲುವುದೋ ಆ ಕಾರಣದಿಂದ ಸೋಲದಿರುವುದೇ ನಿಜವಾದ ಮೀಸಲು.

ಈ ದೃಷ್ಟಿಯಿಂದ ನೋಡಿದರೆ ಬಂದ ವಾಹನವೇ ಒಳ್ಳೆಯ ಮೀಸಲು. ಇಂಜಿನ್ನು ತಿರುಗಿಸುವ ಆಲ್ಟರ್ನೇಟರಿನಿಂದ, ತಕ್ಕ ಚಾರ್ಜರಿನ ಮೂಲಕ, 12 ವೋಲ್ಟಿನಲ್ಲಿ 20 ಆಂಪಿಯರ್ ಪಡೆದರೆ ಎರಡು ಗಂಟೆಯ ಪಯಣದಲ್ಲಿ ಸುಮಾರು 480 ವಾಟ್-ಗಂಟೆ ತುಂಬುತ್ತದೆ. ಆದರೆ ವಾಹನದ ಸ್ವಂತ ಬ್ಯಾಟರಿಯಿಂದ ರಾತ್ರಿ ದೀಪ ಉರಿಸಬಾರದು. ಬೆಳಗ್ಗೆ ಇಂಜಿನ್ನು ಹೊರಡದಿದ್ದರೆ ರೋಗಿಯನ್ನು ಆಸ್ಪತ್ರೆಗೆ ಒಯ್ಯುವ ಉಪಾಯವೇ ಕೈತಪ್ಪುತ್ತದೆ.

ಪೆಟ್ರೋಲ್ ಜನರೇಟರು ಕಟ್ಟಕಡೆಯದು. ಲೀಟರು ಪೆಟ್ರೋಲಿನಲ್ಲಿ ಸುಮಾರು 9000 ವಾಟ್-ಗಂಟೆಯ ಉಷ್ಣವಿದ್ದರೂ ಚಿಕ್ಕ ಜನರೇಟರಿನಲ್ಲಿ ಅದರ ಐದನೆಯ ಒಂದು ಪಾಲೂ ವಿದ್ಯುತ್ತಾಗುವುದಿಲ್ಲ. ಹೊರೆ ಕಡಿಮೆಯಾದಷ್ಟೂ ಪೋಲು ಹೆಚ್ಚು. ಎರಡು ದೀಪಕ್ಕಾಗಿ ರಾತ್ರಿಯೆಲ್ಲ ಓಡಿಸುವ ಬದಲು, ಹಗಲಿನಲ್ಲಿ ಒಂದೆರಡು ಗಂಟೆ ತಕ್ಕ ಹೊರೆಯಲ್ಲಿ ಓಡಿಸಿ ಬ್ಯಾಟರಿ ತುಂಬುವುದು ಉಚಿತ. ಇದಕ್ಕಿಂತ ಮುಖ್ಯವಾದುದು ಪ್ರಾಣದ ಪ್ರಶ್ನೆ. ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಹಿಡಿದುಕೊಳ್ಳುತ್ತದೆ. ನಿದ್ರೆಯಲ್ಲಿರುವವನು ಎಚ್ಚರಗೊಳ್ಳದೆಯೇ ಸಾಯಬಹುದು. ಜನರೇಟರು ಬೇಕಾಗುವುದು ಮಳೆಯ ದಿನ. ಅದನ್ನು ನೆನೆಯದಂತೆ ಡೇರೆಯ ಚಾಚಿನಡಿಗೆ ತರಬೇಕೆನ್ನಿಸುವುದೂ ಮಳೆಯ ದಿನವೇ. ಎಷ್ಟೇ ಮಳೆಯಿರಲಿ, ಅದು ಡೇರೆಯಿಂದ ಕನಿಷ್ಠ 6 ಮೀಟರು ದೂರದಲ್ಲಿ, ಹೊಗೆ ಆಚೆಗೆ ಹೋಗುವಂತೆ, ಬಯಲಿನಲ್ಲಿಯೇ ಇರತಕ್ಕದ್ದು. ಹಾಗೆ ಇಡಲಾಗದಿದ್ದರೆ ಆ ರಾತ್ರಿ ಕತ್ತಲೆಯಲ್ಲಿ ಕಳೆಯುವುದೇ ವಿವೇಕ.

ಒಟ್ಟಿನಲ್ಲಿ, ಲೆಕ್ಕ ಮೊದಲು, ಸಂಗ್ರಹ ಅನಂತರ, ಮೂಲ ಆಮೇಲೆ. ಬೇಸಗೆಯಲ್ಲಿ ಬ್ಯಾಟರಿಗೆ ಫಲಕವೂ, ಮಳೆಗಾಲದಲ್ಲಿ ವಾಹನವೂ ಜೊತೆಯಾಗಲಿ. ಇವೆಲ್ಲವುಗಳಿಂದ ಬೇರೆಯಾಗಿ, ತುಂಬಿದ ಪವರ್ ಬ್ಯಾಂಕೊಂದನ್ನೂ ಟಾರ್ಚೊಂದನ್ನೂ ನೀರು ಹೊಗದ ಚೀಲದಲ್ಲಿ ಕಟ್ಟಿಟ್ಟು, ಆಪತ್ತಿಗಲ್ಲದೆ ಯಾರೂ ಮುಟ್ಟದಂತೆ ಶಿಬಿರದ ಹಿರಿಯರ ವಶದಲ್ಲಿ ಇರಿಸತಕ್ಕದ್ದು.