ಮೈದಾನಕ್ಕೆ ಶೀತ ಹತ್ತಿದಾಗ

ಎ.ಬಿ. ಡಿವಿಲಿಯರ್ಸ್ ತಮ್ಮ ನೂರನೆಯ ಟೆಸ್ಟ್ ಪಂದ್ಯಕ್ಕಿಳಿದದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2015ರ ನವೆಂಬರ್ 14ರಂದು. ಆರ್‌ಸಿಬಿ ಅಂಗಿ ತೊಟ್ಟ ದಿನಗಳಿಂದ ಅವರನ್ನು ಮನೆಮಗನಂತೆ ಕಂಡ ಊರು ಅದು. ಮೊದಲ ದಿನ ದಕ್ಷಿಣ ಆಫ್ರಿಕ 214ಕ್ಕೆ ಆಲೌಟ್; ಅದರಲ್ಲಿ 85 ಅವರದ್ದೇ. ಸಂಜೆಗೆ ಭಾರತ ವಿಕೆಟ್ ಕಳೆದುಕೊಳ್ಳದೆ 80. ಪಂದ್ಯ ಅಲ್ಲಿಗೆ ಮುಗಿಯಿತು. ಉಳಿದ ನಾಲ್ಕು ದಿನ ಒಂದೇ ಒಂದು ಚೆಂಡು ಬೀಳಲಿಲ್ಲ.

ನವೆಂಬರ್ ಮಳೆಯ ಕಾಟ ಬಾಳ್ಳುಪೇಟೆಯ ಕಡೆಯ ಕಾಫಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಅರೇಬಿಕಾ ಹಣ್ಣಾಗುವ ಹೊತ್ತು. ಕಣಕ್ಕೆ ಹರಡಿದ ಕಾಫಿಗೆ ಟಾರ್ಪಾಲು ಹೊದಿಸುವುದು, ಬಿಸಿಲು ಕಂಡೊಡನೆ ತೆಗೆಯುವುದು, ಮೋಡ ಕಂಡರೆ ಮತ್ತೆ ಎಳೆಯುವುದು. ಚಿನ್ನಸ್ವಾಮಿಯ ಮಾಲಿಗಳು ಆ ನಾಲ್ಕು ದಿನ ಮಾಡಿದ್ದೂ ಹೆಚ್ಚುಕಡಿಮೆ ಇದೇ ಕೆಲಸ. ಆದರೆ ಟಾರ್ಪಾಲು ತಡೆಯುವುದು ಮೇಲಿನ ನೀರನ್ನು ಮಾತ್ರ. ತೋಟ ಕೆಡುವುದು ಎಲೆಯ ಮೇಲೆ ಬಿದ್ದ ಮಳೆಯಿಂದಷ್ಟೇ ಅಲ್ಲ, ಬೇರಿನ ಬುಡದಲ್ಲಿ ನಿಂತ ನೀರಿನಿಂದಲೂ. ಜುಲೈ, ಆಗಸ್ಟಿನಲ್ಲಿ ಬಿಡುವಿಲ್ಲದೆ ಸುರಿದಾಗ ಗಿಡದ ಎಲೆ ಹಳದಿಗೆ ತಿರುಗಿ, ಎಳೆಕಾಯಿ ಉದುರಲು ಶುರುವಾದರೆ ನಮ್ಮವರು ‘ಶೀತ ಜಾಸ್ತಿಯಾಯ್ತು’ ಅನ್ನುತ್ತಾರೆ. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿ ಗಾಳಿಗೆ ಜಾಗವಿಲ್ಲದಾಗಿದೆ, ಬೇರಿಗೆ ಉಸಿರು ಕಟ್ಟಿದೆ ಎಂಬುದೇ ಅದರ ಒಳಗುಟ್ಟು. ಕ್ರಿಕೆಟ್ ಮೈದಾನದ ಹುಲ್ಲಿಗೂ ಬರುವ ಕಾಯಿಲೆ ಇದೇ. ಮದ್ದು ಸಿಕ್ಕಿದ್ದು ಮಾತ್ರ ಕ್ರಿಕೆಟ್ ಎಂದರೇನೆಂದು ಅಷ್ಟಾಗಿ ತಿಳಿಯದವರ ನಾಡಿನಲ್ಲಿ.

ಕತೆ ಹಿಂದಿನಿಂದ ಹಿಡಿಯಬೇಕು. 1950ರ ದಶಕದಲ್ಲಿ ಅಮೆರಿಕದ ಗಾಲ್ಫ್ ಮೈದಾನಗಳ ‘ಗ್ರೀನ್’ಗಳು, ಅಂದರೆ ಗುಂಡಿಯ ಸುತ್ತಲಿನ ನುಣುಪು ಹುಲ್ಲಿನ ಅಂಗಳಗಳು, ಕಾಲ್ತುಳಿತಕ್ಕೆ ಸಿಕ್ಕು ಗಟ್ಟಿಯಾಗಿ ನೀರು ನಿಲ್ಲುವ ತಟ್ಟೆಗಳಾಗಿದ್ದವು. ಮಣ್ಣು ತೆಗೆದು ಮರಳು ಹಾಕಿದರೆ ನೀರು ಇಳಿಯುತ್ತದೆ ಎಂಬುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಬರೀ ಮರಳಿನಲ್ಲಿ ಬೇಸಿಗೆಗೆ ಹುಲ್ಲು ಸುಟ್ಟುಹೋಗುತ್ತದೆ. ಇದಕ್ಕೆ ಪರಿಹಾರ ಸಿಕ್ಕಿದ್ದು ಮಣ್ಣು ವಿಜ್ಞಾನದ ಒಂದು ವಿಚಿತ್ರದಿಂದ.

ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದ ವಾಲ್ಟರ್ ಗಾರ್ಡ್ನರ್ 1959ರ ಸುಮಾರಿಗೆ ಒಂದು ಚಲನಚಿತ್ರ ತಯಾರಿಸಿದರು. ನಾಯಕನೂ ಇಲ್ಲ, ಹಾಡೂ ಇಲ್ಲ. ಗಾಜಿನ ಹಾಳೆಗಳ ನಡುವೆ ತುಂಬಿದ ಮಣ್ಣಿನಲ್ಲಿ ನೀರು ಇಳಿಯುವ ದೃಶ್ಯವಷ್ಟೆ. ಮೇಲೆ ನಯವಾದ ಮಣ್ಣು, ನಡುವೆ ದಪ್ಪ ಮರಳಿನ ಪದರ. ನೀರು ಮರಳಿಗೆ ತಲುಪಿದ ಕೂಡಲೇ ಸರ್ರನೆ ಇಳಿದುಹೋಗಬೇಕೆಂದು ನೋಡುವವರು ಕಾಯುತ್ತಾರೆ. ಅದು ಇಳಿಯುವುದೇ ಇಲ್ಲ. ಗಡಿಯಲ್ಲಿ ನಿಂತು ಅಕ್ಕಪಕ್ಕ ಹರಡುತ್ತದೆ. ಮೇಲಿನ ಮಣ್ಣು ಸಾಕಷ್ಟು ನೆನೆದು, ಹೊತ್ತ ನೀರಿನ ಭಾರಕ್ಕೆ ಸೋತ ಮೇಲಷ್ಟೇ ಕೆಳಗಿನ ಪದರಕ್ಕೆ ಬಿಟ್ಟುಕೊಡುತ್ತದೆ. ಸಣ್ಣ ಸಂದುಗಳು ನೀರನ್ನು ಬಿಗಿಯಾಗಿ ಹಿಡಿಯುತ್ತವೆ, ದೊಡ್ಡ ಸಂದುಗಳಿಗೆ ಅದನ್ನು ಕಿತ್ತುಕೊಳ್ಳುವ ಶಕ್ತಿಯಿಲ್ಲ. ತಂತಿಗೆ ಹಾಕಿದ ಒದ್ದೆ ಪಂಚೆ ತೊಟ್ಟಿಕ್ಕುವುದು ನಿಂತ ಮೇಲೂ ಅದರ ಕೆಳಗಿನ ಅಂಚಿನಲ್ಲಿ ನೀರು ಉಳಿದಿರುತ್ತದಲ್ಲ, ಹಾಗೆ.

ಅಮೆರಿಕದ ಗಾಲ್ಫ್ ಸಂಸ್ಥೆಯಲ್ಲಿ ಹುಲ್ಲಿನ ಸಂಶೋಧನೆ ನೋಡಿಕೊಳ್ಳುತ್ತಿದ್ದ ಮಾರ್ವಿನ್ ಫರ್ಗುಸನ್ ಮತ್ತು ಸಂಗಡಿಗರು ಈ ಗುಣವನ್ನೇ ಕೆಲಸಕ್ಕೆ ಹಚ್ಚಿದರು. ಮರಳು ಹೆಚ್ಚಿರುವ ಮಿಶ್ರಣ ಮೇಲೆ, ಜಲ್ಲಿ ಕೆಳಗೆ, ಅದರಡಿ ರಂಧ್ರವಿರುವ ಕೊಳವೆ. ಜಲ್ಲಿಯ ಗಡಿಯಲ್ಲಿ ತೂಗಿ ನಿಂತ ನೀರು ಬೇಸಿಗೆಯಲ್ಲಿ ಬೇರಿಗೆ ಉಗ್ರಾಣ. ಜೋರು ಮಳೆ ಬಂದರೆ ಹೆಚ್ಚಾದದ್ದು ಭಾರಕ್ಕೆ ಸೋತು ಕೊಳವೆಗೆ. 1960ರಲ್ಲಿ ಪ್ರಕಟವಾದ ಈ ವಿಧಾನ ಲೋಕದ ಗಾಲ್ಫ್ ಅಂಗಳಗಳ ಅಡಿಪಾಯವಾಯಿತು. ನನ್ನ ಲೆಕ್ಕದಲ್ಲಿ ನಿಜವಾದ ಆವಿಷ್ಕಾರ ಇದೇ. ಮುಂದೆ ಬಂದ ಯಂತ್ರ ಇದರ ಹೆಗಲ ಮೇಲೆ ಕೂತದ್ದು.

ಒಂದು ತೊಡಕು ಮಾತ್ರ ಉಳಿಯಿತು. ಬೇಸಿಗೆಯಲ್ಲಿ ಕಾಪಾಡುವ ಉಗ್ರಾಣವೇ ಮಳೆ ಹಿಡಿದರೆ ಬೇರನ್ನು ಉಸಿರುಗಟ್ಟಿಸುತ್ತದೆ. ಜಾರ್ಜಿಯಾ ರಾಜ್ಯದ ಅಗಸ್ಟಾ ನ್ಯಾಷನಲ್ ಕ್ಲಬ್ಬಿಗೆ, ಪ್ರತಿ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಪಂದ್ಯಾವಳಿ ನಡೆಯುವ ಜಾಗಕ್ಕೆ, ಇದು ಬಹಳ ಕಾಡಿತು. 1980ರ ದಶಕದ ಆರಂಭದಲ್ಲಿ ಅವರು ಗ್ರೀನ್‌ಗಳ ಬರ್ಮುಡಾ ಹುಲ್ಲನ್ನು ಕಿತ್ತು, ತಂಪು ಸೀಮೆಯ ಬೆಂಟ್ ಹುಲ್ಲು ಹಾಕಿದ್ದರು. ಬರ್ಮುಡಾ ಎಂದರೆ ಬೇರೇನಲ್ಲ, ನಾವು ಗಣಪತಿಗೆ ಏರಿಸುವ ಗರಿಕೆಯೇ. ಬಿಸಿಲಿಗೂ ತುಳಿತಕ್ಕೂ ಜಗ್ಗದ ಜಾತಿ. ಅದನ್ನು ಬಿಟ್ಟು ನುಣುಪಿಗೆ ಆಸೆಪಟ್ಟು ಬೆಂಟ್ ಹಿಡಿದರೆ ಜಾರ್ಜಿಯಾದ ಸೆಕೆಗೆ ಬೆಲೆ ತೆರಬೇಕಲ್ಲ. ಬೇಸಿಗೆಯಲ್ಲಿ ಆ ಕ್ಲಬ್ ಸದಸ್ಯರಿಗೆ ಬಾಗಿಲು ಹಾಕುತ್ತದೆ, ಹುಲ್ಲಿಗೆ ಆ ಭಾಗ್ಯವಿಲ್ಲ.

ಅಲ್ಲಿ ಮೈದಾನದ ಉಸ್ತುವಾರಿಯಲ್ಲಿದ್ದ ಮಾರ್ಷ್ ಬೆನ್ಸನ್ 1994ರಲ್ಲಿ ಯೋಚಿಸಿದ್ದು ಇಷ್ಟೆ: ನೆಲದಡಿ ಕೊಳವೆಗಳು ಹೇಗೂ ಇವೆ. ನೀರು ತಾನಾಗಿ ಇಳಿದು ಬರಲೆಂದು ಅವು ಸುಮ್ಮನೆ ಕಾಯುತ್ತಿವೆ. ಅವುಗಳ ಬಾಯಿಗೆ ಗಾಳಿಯಂತ್ರ ಕಟ್ಟಿ ಎಳೆದರೆ? ಎಳೆದಾಗ ಜಲ್ಲಿಯ ಗಡಿಯಲ್ಲಿ ತೂಗಿ ನಿಂತ ನೀರಿನ ಹಿಡಿತ ತಪ್ಪಿತು. ನೀರು ಕೆಳಗಿಳಿದ ಜಾಗಕ್ಕೆ ಮೇಲಿನಿಂದ ಹೊಸ ಗಾಳಿ ತಾನಾಗಿ ಬಂತು. ಅದೇ ಯಂತ್ರವನ್ನು ತಿರುಗಿಸಿ ಊದಿದರೆ ಕೆಳಗಿನಿಂದ ಗಾಳಿ ಹಾಯ್ದು ಬೇರಿನ ವಲಯದ ಬಿಸಿಯೂ ತಗ್ಗಿತು. ಮಳೆಗಾಲಕ್ಕೊಂದು ಕೆಲಸ, ಬೇಸಿಗೆಗೊಂದು ಕೆಲಸ, ಎರಡಕ್ಕೂ ಒಂದೇ ಯಂತ್ರ. ‘ಸಬ್‌ಏರ್’ ಎಂಬ ಹೆಸರಲ್ಲಿ ಅದು ಮಾರುಕಟ್ಟೆಗೆ ಬಂತು. ನೀರು ಇಳಿಯುವ ದಾರಿಯನ್ನು ಗಾಳಿ ಓಡಾಡುವ ದಾರಿಯೆಂದು ನೋಡಿದ್ದೇ ಬೆನ್ಸನ್‌ರ ಜಾಣ್ಮೆ.

ಚಿನ್ನಸ್ವಾಮಿಯಲ್ಲಿ ಆ ನಾಲ್ಕು ದಿನದ ಆಟ ನೀರುಪಾಲಾದ ಮೇಲೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಈ ದಾರಿ ಹಿಡಿಯಿತು. ಬರೀ ಯಂತ್ರ ತಂದು ಕೂರಿಸಿದರೆ ಆಗುವುದಿಲ್ಲ. ಜೇಡಿ ಹೆಚ್ಚಿರುವ ನೆಲದಲ್ಲಿ ಎಷ್ಟು ಎಳೆದರೂ ನೀರು ಬಾರದು. ಹಾಗಾಗಿ ಔಟ್‌ಫೀಲ್ಡ್ ಅನ್ನೇ ಅಗೆದು, ಹಳೆಯ ಮಣ್ಣು ತೆಗೆದು, ಕೊಳವೆ ಹಾಸಿ, ಜಲ್ಲಿ, ಮರಳು ತುಂಬಿ, ಮೇಲೆ ಹೊಸ ಹುಲ್ಲು ಬೆಳೆಸಿದರು. ನಾಲ್ಕು ಕೋಟಿಯ ಆಸುಪಾಸಿನ ಖರ್ಚು. 2017ರ ಆರಂಭಕ್ಕೆ ಕೆಲಸ ಮುಗಿದು, ಇಂಥ ವ್ಯವಸ್ಥೆಯಿರುವ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಮೈದಾನವೆಂಬ ಹೆಸರು ಚಿನ್ನಸ್ವಾಮಿಗೆ ಬಂತು. ನೀರು ತಾನಾಗಿ ಇಳಿಯುವುದಕ್ಕಿಂತ 36 ಪಟ್ಟು ಬೇಗ, ನಿಮಿಷಕ್ಕೆ 10,000 ಲೀಟರಿನಷ್ಟು ಎಂಬುದು ಯಂತ್ರದವರು ಕೊಡುವ ಲೆಕ್ಕ. ಮಾರುವವರ ಲೆಕ್ಕವನ್ನು ಅರ್ಧ ಕಿವಿಯಿಂದ ಕೇಳಬೇಕು. ಪಂದ್ಯದ ಲೆಕ್ಕ ನೋಡೋಣ.

ಅದೇ ವರ್ಷದ ಐಪಿಎಲ್‌ನಲ್ಲಿ ಎರಡೂ ಬಗೆಯ ಉತ್ತರ ಸಿಕ್ಕಿತು. ಏಪ್ರಿಲ್ 25ರಂದು ಆರ್‌ಸಿಬಿ ಮತ್ತು ಹೈದರಾಬಾದ್ ಪಂದ್ಯ ಮಳೆಗೆ ರದ್ದಾಯಿತು. ಮೇ 17ರ ಎಲಿಮಿನೇಟರ್‌ನಲ್ಲಿ ಹೈದರಾಬಾದ್ 128 ರನ್ ಗಳಿಸಿದ ಮೇಲೆ ಮಳೆ ಸುರಿದು ಮೂರು ಗಂಟೆಗೂ ಹೆಚ್ಚು ಆಟ ನಿಂತಿತು. ನಡುರಾತ್ರಿ ದಾಟಿ ಮತ್ತೆ ಶುರುವಾಗಿ, ಕೋಲ್ಕತ್ತ 6 ಓವರಿನಲ್ಲಿ 48 ರನ್‌ಗಳ ಗುರಿ ಮುಟ್ಟಿತು. 2024ರ ಮೇ 18ರಂದು ಚೆನ್ನೈ ಎದುರು ಮೂರು ಓವರಿಗೇ ಮಳೆ ಬಂದು, ಅದು ನಿಂತೊಡನೆ ಪೂರ್ತಿ 20 ಓವರಿನ ಆಟ ನಡೆದು ಆರ್‌ಸಿಬಿ 27 ರನ್‌ಗಳಿಂದ ಗೆದ್ದು ಪ್ಲೇಆಫ್ ಸೇರಿತಲ್ಲ, ಆ ರಾತ್ರಿ ಸಬ್‌ಏರ್ ಎಂಬ ಹೆಸರು ಬೆಂಗಳೂರಿನ ಆಟೋಗಳಲ್ಲೂ ಕೇಳಿಬಂದಿರಬೇಕು.

ಆದರೆ ಐದು ತಿಂಗಳಲ್ಲೇ, ಅಕ್ಟೋಬರ್ 16ರಂದು, ನ್ಯೂಜಿಲೆಂಡ್ ಎದುರಿನ ಟೆಸ್ಟಿನ ಮೊದಲ ದಿನ ಟಾಸ್ ಕೂಡ ಆಗಲಿಲ್ಲ. ಮರುದಿನ ಹೊದಿಕೆ ತೆಗೆದು ಆಡಿದ ಭಾರತ 46ಕ್ಕೆ ಆಲೌಟ್. ಯಂತ್ರ ಒಣಗಿಸುವುದು ಹುಲ್ಲಿನ ಔಟ್‌ಫೀಲ್ಡನ್ನು. ಜೇಡಿಮಣ್ಣನ್ನು ರೋಲರಿನಿಂದ ಬಿಗಿದು ಕಟ್ಟಿದ ಪಿಚ್‌ಗೆ ಇಂದಿಗೂ ಟಾರ್ಪಾಲೇ ಗತಿ. 2025ರ ಮೇ 17ರಂದು ಕೋಲ್ಕತ್ತ ಎದುರಿನ ಐಪಿಎಲ್ ಪಂದ್ಯವೂ ಟಾಸ್ ಇಲ್ಲದೆ ರದ್ದಾಯಿತು. ಬೆಂಗಳೂರಿಗೆ ಮತ್ತೆ ಮಳೆಯ ಮುನ್ಸೂಚನೆಯಿದ್ದುದರಿಂದ ಅದರ ನಂತರದ ಪಂದ್ಯವನ್ನು ಲಖನೌಗೇ ಸಾಗಿಸಿದರು. ಸುರಿಯುತ್ತಿರುವ ಮಳೆಗೆ ಯಾವ ಕೊಳವೆಯೂ ಉತ್ತರವಲ್ಲ. ನಿಂತ ಮಳೆಯ ನೀರನ್ನು ಬೇಗ ಕಳಿಸಬಹುದು, ಅಷ್ಟೆ.

ಹಾಗಾದರೆ ಹುಲ್ಲು ಕಾಯುವವರ ಪರೀಕ್ಷೆ ನಡೆಯುವುದು ಮಳೆಯ ದಿನವಲ್ಲ, ಅದಕ್ಕೆ ತಿಂಗಳುಗಳ ಮುಂಚೆ. ಕೊಳವೆ ಕಟ್ಟಿಕೊಂಡಿದೆಯೇ, ಸತ್ತ ಬೇರು, ಒಣಹುಲ್ಲಿನ ಪದರ ಮೇಲ್ಮೈಯಲ್ಲಿ ಮುಚ್ಚಳದಂತೆ ಕೂತಿದೆಯೇ, ತುಳಿದು ಗಟ್ಟಿಯಾದ ನೆಲಕ್ಕೆ ತೂತು ಕೊಟ್ಟು ಮರಳು ತುಂಬಿದ್ದಾರೆಯೇ ಎಂಬುದರ ಮೇಲೆ ಎಲ್ಲ ನಿಂತಿದೆ. ಕಾಫಿ ತೋಟದಲ್ಲಿ ಮುಂಗಾರಿಗೆ ಮೊದಲು ಬಸಿಗಾಲುವೆ ಬಿಡಿಸಿ, ಮಳೆನೀರು ಹಿಡಿಯುವ ತೊಟ್ಟಿಲು ಗುಂಡಿಯ ಹೂಳು ತೆಗೆಯುವುದೂ ಇದೇ ಲೆಕ್ಕಾಚಾರ. ವ್ಯತ್ಯಾಸವೆಂದರೆ ಇಳಿಜಾರು ನಮಗೆ ಪುಕ್ಕಟೆ ಸಿಕ್ಕಿದೆ, ಚಿನ್ನಸ್ವಾಮಿಯವರು ಅದನ್ನು ವಿದ್ಯುತ್ತಿನಿಂದ ಕೊಂಡುಕೊಳ್ಳಬೇಕು.

ಇಷ್ಟಾದರೂ ಆಲೂರು, ಸಕಲೇಶಪುರ ಸೀಮೆಯಲ್ಲಿ ಶಾಲೆಯ ಮೈದಾನ ಮಾಡುವಾಗ ಈ ತಿಳಿವಳಿಕೆ ತೋಟದ ಗೇಟಿನಲ್ಲೇ ಉಳಿದುಬಿಡುತ್ತದೆ. ದಿಬ್ಬವನ್ನು ಒಂದು ಕಡೆ ಕಡಿದು ಇನ್ನೊಂದು ಕಡೆ ತುಂಬಿ ಸಪಾಟು ಮಾಡುತ್ತಾರೆ. ಕಡಿದ ಕಡೆ ನೆಲ ಕಲ್ಲಿನಂತೆ, ತುಂಬಿದ ಕಡೆ ಮಣ್ಣು ಕುಸಿದು ಹೊಂಡ. ಮೇಲಿನ ದರೆಯ ನೀರನ್ನು ತಡೆದು ಪಕ್ಕಕ್ಕೆ ತಿರುಗಿಸುವ ಕಾಲುವೆ ಇರುವುದಿಲ್ಲ. ಒದ್ದೆ ನೆಲದ ಮೇಲೆಯೇ ರೋಲರ್ ಹಾಯಿಸಿ ಮಣ್ಣಿನೊಳಗಿನ ಕೊನೆಯ ಸಂದನ್ನೂ ಮುಚ್ಚುತ್ತಾರೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದು ಆಟದ ಬಯಲಲ್ಲ, ನಾಟಿಗೆ ಸಿದ್ಧವಾದ ಗದ್ದೆ. ಇದಕ್ಕೆ ಕೋಟಿಯ ಯಂತ್ರ ಬೇಡ. ನಡುವೆ ತುಸು ಉಬ್ಬು, ಸುತ್ತ ಕಾಲುವೆ, ದರೆಯ ಬುಡದಲ್ಲಿ ಜಲ್ಲಿ ತುಂಬಿದ ಒಂದು ಚರಂಡಿ, ಗರಿಕೆಯ ಬೇರುತುಂಡು ಸಾಕು.

ಬರುವ ಬೇಸಿಗೆ ರಜೆಯಲ್ಲಿ ನಿಮ್ಮೂರ ಶಾಲೆಯ ಮೈದಾನದಲ್ಲಿ ಮೊಣಕೈ ಆಳದ ಒಂದು ಗುಂಡಿ ತೆಗೆದು, ಎರಡು ಕೊಡ ನೀರು ಸುರಿದು ನೋಡಿ. ಸಂಜೆಯವರೆಗೂ ನೀರು ನಿಂತೇ ಇದ್ದರೆ, ಶಾಲಾಭಿವೃದ್ಧಿ ಸಮಿತಿಯ ಹಣವನ್ನು ರೋಲರಿಗೆ ಕೊಡಬೇಡಿ, ಚರಂಡಿಗೆ ಕೊಡಿ.